ಗೋಡೆ ಇಲ್ಲದ ಕಾಲೇಜಿನಲ್ಲಿ ಒಂದು ಸಾಕ್ಷ್ಯ ಪಾಠ

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಗಡಿಯಾರ ನೋಡಿದ್ದು ನೆನಪಿದೆ. ಹನ್ನೊಂದೂವರೆಗೆ ನನಗೆ ಎರಡನೇ ವರ್ಷದವರ ಕ್ಲಾಸು. ಚಾ ಕುಡಿಯಲು ಇನ್ನೂ ಹೊತ್ತಿದೆ ಎಂದುಕೊಂಡು ಸ್ಟಾಫ್ ರೂಮಿನಲ್ಲಿ ಲೋಟಕ್ಕೆ ಕೈ ಹಾಕಿದ್ದೆ. ಕೆಳಗಿನ ದೊಡ್ಡ ಕೊಠಡಿಯಲ್ಲಿ ಬೆಂಚು ಉರುಳಿತು. ಒಬ್ಬಳು ಕಿರುಚಿದಳು. ಆಮೇಲೆ ತುಂಬಾ ಜನ ಒಟ್ಟಿಗೆ ಓಡುವ ಸದ್ದು, ಅದರ ಮೇಲೆ ಒಬ್ಬ ಹುಡುಗನ ಗಂಟಲು: "ಹಿಡೀರಿ ಅವ್ನನ್ನ, ಸಾರಿಗೆ ಚಾಕು ತೋರಿಸಿದ."

ನಾನು ಶಿವಮೊಗ್ಗದ ಒಂದು ಕಾನೂನು ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಾಕ್ಷ್ಯ ಕಾನೂನು ಕಲಿಸಿ ನಿವೃತ್ತಳಾದವಳು. ಯಾವಾಗ ರೀಡರ್ ಆದೆ, ಯಾವಾಗ ವಿಭಾಗದ ಮುಖ್ಯಸ್ಥೆಯಾದೆ ಎಂಬುದು ನನಗೇ ಸರಿಯಾಗಿ ನೆನಪಿಲ್ಲ, ನಿಮಗೂ ಬೇಡ. ಈಗ ಹೊಸದಾಗಿ ಕಾನೂನು ಮೇಷ್ಟ್ರುಗಳಾಗುತ್ತಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ, "ಮೇಡಂ, ಪಾಠ ಹೇಗೆ ಮಾಡಬೇಕು, ನಾಲ್ಕು ಮಾತು ಬರೆದುಕೊಡಿ" ಎನ್ನುತ್ತಾರೆ. ಬರೆಯಲು ಕೂತರೆ ಎಲ್ಲ ವರ್ಷಗಳೂ ಸರಿದು ಆ ಸೋಮವಾರವೇ ಎದುರಿಗೆ ಬಂದು ನಿಲ್ಲುತ್ತದೆ. ಆದ್ದರಿಂದ ಅದನ್ನೇ ಬರೆಯುತ್ತೇನೆ.

ಮೊದಲು ಕಾಲೇಜಿನ ವಿಷಯ. ನಮ್ಮದು ಹಿಂದೆ ಅಕ್ಕಿ ಗಿರಣಿಯಾಗಿದ್ದ ಕಟ್ಟಡ. ಗಿರಣಿಯ ಗೋದಾಮೇ ಒಂದನೇ ವರ್ಷದವರ ಕೊಠಡಿ. ಮುಂದೆ ಒಂದು ಕಾಂಪೌಂಡು ಗೋಡೆಯೂ ಕಬ್ಬಿಣದ ಗೇಟೂ ಇದ್ದವು. ರಸ್ತೆ ಅಗಲ ಮಾಡುವಾಗ ಎರಡೂ ಹೋದವು. ಆಮೇಲೆ ಮೆಟ್ಟಿಲು ಇಳಿದರೆ ಚರಂಡಿ, ಚರಂಡಿ ದಾಟಿದರೆ ರಸ್ತೆ. ರಸ್ತೆಯಲ್ಲಿ ಆಟೋ ಸ್ಟ್ಯಾಂಡು, ಜೆರಾಕ್ಸ್ ಅಂಗಡಿ, ಬೇಕರಿ. ಪಾಠದ ನಡುವೆ ಆಟೋದವರು "ಮಾಚೇನಹಳ್ಳಿ, ಭದ್ರಾವತಿ" ಎಂದು ಕೂಗುವುದು ಕೇಳಿಸುತ್ತಿತ್ತು.

ಕಾನೂನು ಕಲಿಸುವ ಜಾಗಗಳು ಎರಡು ಥರ. ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ ಬರೆದು ಗೆದ್ದವರು ಮಾತ್ರ ಒಳಗೆ ಹೋಗುವ ದೊಡ್ಡ ಲಾ ಸ್ಕೂಲುಗಳು ಒಂದು ಥರ. ಐದು ವರ್ಷ ಅಲ್ಲೇ ಊಟ, ಅಲ್ಲೇ ಓದು, ಅಲ್ಲೇ ಸ್ನೇಹ. ಕೊನೆಯ ಪರೀಕ್ಷೆಗೆ ಮೊದಲೇ ಮುಂಬೈ, ದೆಹಲಿಯ ದೊಡ್ಡ ಲಾ ಫರ್ಮುಗಳು ಬಂದು ಆರಿಸಿಕೊಂಡು ಹೋಗುತ್ತವೆ. ಉಳಿದವರಲ್ಲಿ ಕೆಲವರು ಸುಪ್ರೀಂ ಕೋರ್ಟಿಗೆ, ಕೆಲವರು ವಿದೇಶಕ್ಕೆ. ತಿರುಗಿ ಬಂದರೆ ಅಂಥದೇ ಲಾ ಸ್ಕೂಲಿನಲ್ಲಿ ಪ್ರೊಫೆಸರು. ಜಿಲ್ಲಾ ಕೋರ್ಟಿನ ಮೆಟ್ಟಿಲು ಹತ್ತುವವರು ಅವರಲ್ಲಿ ಅಪರೂಪ. ಇನ್ನೊಂದು ಥರ ನಮ್ಮದು. ವಿಮಾ ಏಜೆಂಟರು, ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಕ್ರಯಪತ್ರ ಬರೆಯುವವರು, ನಿವೃತ್ತ ಹೆಡ್ ಕಾನ್‌ಸ್ಟೇಬಲ್ಲು, ಮಗುವನ್ನು ಅತ್ತೆಯ ಕೈಗೆ ಕೊಟ್ಟು ಬರುವ ತಾಯಂದಿರು. ನೋಟ್ಸ್ ಹೇಳಿದರೆ ಬರೆದುಕೊಳ್ಳುತ್ತಿದ್ದರು. ನಾನೂ ನೋಟ್ಸ್ ಬರೆದುಕೊಂಡೇ ಪಾಸಾದವಳು.

ಪಾಠವನ್ನು ನಾಟಕ ಮಾಡಿ ತೋರಿಸುವುದು ನಮಗೆ ತೀರ ಹೊಸದೇನಲ್ಲ. ಹಿಂದೊಮ್ಮೆ ಕಾಲೇಜು ದಿನಾಚರಣೆಯಲ್ಲಿ ವರದಕ್ಷಿಣೆ ಸಾವಿನ ಅಣಕು ವಿಚಾರಣೆ ಮಾಡಿಸಿದ್ದೆ. ಸತ್ತ ಹುಡುಗಿಯ ತಾಯಿಯಾಗಿ ಒಬ್ಬಳು ಎಷ್ಟು ಚೆನ್ನಾಗಿ ಅತ್ತಳೆಂದರೆ, ನಮ್ಮ ಜವಾನನ ಅಜ್ಜಿ ಎದ್ದು ವೇದಿಕೆಯ ಹತ್ತಿರ ಹೋಗಿ ಆರೋಪಿ ಪಾತ್ರದ ಹುಡುಗನಿಗೆ ಕೈ ತೋರಿಸಿ, "ನಿನ್ ವಂಶ ಉದ್ಧಾರ ಆಗಲ್ಲ ಕಣೋ" ಎಂದು ಶಪಿಸಿದರು. ಆ ಹುಡುಗ ಜಡ್ಜ್ ಪಾತ್ರದವನ ಕಡೆ ತಿರುಗಿ, "ಸ್ವಾಮಿ, ಇದನ್ನ ರೆಕಾರ್ಡ್ ಮಾಡ್ಕೋಬೇಡಿ" ಎಂದ. ಸಭೆಯೆಲ್ಲ ನಕ್ಕಿತು. ಅಜ್ಜಿ ನಗಲಿಲ್ಲ. ಮನೆಗೆ ಹೋಗುವ ತನಕ ಅವನನ್ನು ದುರುಗುಟ್ಟಿಕೊಂಡು ನೋಡುತ್ತಲೇ ಇದ್ದರು.

ಸುಹಾಸ್ ನಮ್ಮಲ್ಲಿಗೆ ಬಂದದ್ದು ನನ್ನ ಸೇವೆ ಮುಗಿಯಲು ಸ್ವಲ್ಪವೇ ಕಾಲ ಉಳಿದಿದ್ದಾಗ. ಅಂಥ ದೊಡ್ಡ ಲಾ ಸ್ಕೂಲೊಂದರಲ್ಲಿ ಓದಿ, ವಿದೇಶದಲ್ಲಿ ಎಲ್‌ಎಲ್‌ಎಂ ಮಾಡಿ ಬಂದವರು. ಸಣ್ಣ ಊರಿನ ಕಾನೂನು ಶಿಕ್ಷಣದ ಮೇಲೆ ಅಧ್ಯಯನ ಮಾಡುವ ಫೆಲೋಶಿಪ್ಪಿನಲ್ಲಿ ಒಂದು ವರ್ಷ ಪಾಠ ಮಾಡಲು ಬಂದಿದ್ದರು. ಮೂವತ್ತು ದಾಟಿರಲಿಲ್ಲ. ಒಳ್ಳೆಯ ಮನುಷ್ಯ ಎಂದು ನಾನು ಆಗಲೂ ಅಂದುಕೊಂಡಿದ್ದೆ, ಈಗಲೂ ಅನ್ನುತ್ತೇನೆ. ನೋಟ್ಸ್ ಹೇಳಿಸುತ್ತಿರಲಿಲ್ಲ. ಒಂದು ತೀರ್ಪು ಕೊಟ್ಟು, ಓದಿಕೊಂಡು ಬನ್ನಿ ಎಂದು ಹೇಳಿ, ಮರುದಿನ ಬರೀ ಪ್ರಶ್ನೆ ಕೇಳುತ್ತಿದ್ದರು. ಮೊದಮೊದಲು ಹುಡುಗರು, "ಸಾರಿಗೆ ಪಾಠ ಬರಲ್ಲ ಅನ್ಸತ್ತೆ, ಎಲ್ಲ ನಮ್ಮನ್ನೇ ಕೇಳ್ತಾರೆ" ಎಂದು ದೂರಿದರು. ಮೂರು ತಿಂಗಳಲ್ಲಿ ಅದೇ ಹುಡುಗರು ಕ್ಲಾಸು ಮುಗಿದ ಮೇಲೂ ಬೇಕರಿ ಮುಂದೆ ನಿಂತು ವಾದ ಮಾಡುತ್ತಿದ್ದರು.

ಅವರಲ್ಲಿ ಮುಂದಿದ್ದವನು ಅಂತಿಮ ವರ್ಷದ ಸಾದಿಕ್. ಭದ್ರಾವತಿಯವನು. ಅವನ ತಂದೆ ರಹೀಂ ಅವರಿಗೆ ಮಾಚೇನಹಳ್ಳಿಯಲ್ಲಿ ಲಾರಿ ರಿಪೇರಿಯ ಸಣ್ಣ ಶೆಡ್ಡು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಶೆಡ್ಡು. ಅಣಕು ನ್ಯಾಯಾಲಯದ ಸ್ಪರ್ಧೆಗಳಲ್ಲಿ ಅವನು ನಿಂತರೆ ಎದುರಿನ ತಂಡದವರೂ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ಸುಹಾಸ್ ಅವನನ್ನು ಲಾ ಸ್ಕೂಲಿನ ಎಲ್‌ಎಲ್‌ಎಂ ಪ್ರವೇಶ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ಸುಹಾಸ್ ಹೇಳಿದ್ದಕ್ಕೆ ಅವನು ಇಲ್ಲ ಎಂದದ್ದು ನಾನು ಕೇಳಿಲ್ಲ.

ಕಣ್ಣಾರೆ ಕಂಡ ಸಾಕ್ಷಿಯನ್ನು ಎಷ್ಟು ನಂಬಬಹುದು ಎಂಬ ಪಾಠಕ್ಕೆ ದೊಡ್ಡ ಲಾ ಸ್ಕೂಲುಗಳಲ್ಲಿ ಒಂದು ವಿಧಾನವಿದೆ. ಕ್ಲಾಸು ನಡೆಯುತ್ತಿರುವಾಗ ಅಪರಿಚಿತನೊಬ್ಬ ನುಗ್ಗಿ, ಪ್ರೊಫೆಸರ ಜತೆ ಜಗಳವಾಡಿ, ಏನನ್ನಾದರೂ ಕಸಿದುಕೊಂಡು ಓಡುತ್ತಾನೆ. ಪ್ರೊಫೆಸರು ವಿದ್ಯಾರ್ಥಿಗಳಿಗೆ, "ಈಗ ಕಂಡದ್ದನ್ನು ಬರೆಯಿರಿ" ಎನ್ನುತ್ತಾರೆ. ಒಬ್ಬ ಕೆಂಪು ಅಂಗಿ ಅನ್ನುತ್ತಾನೆ, ಒಬ್ಬ ನೀಲಿ. ಆಮೇಲೆ ಓಡಿದವನನ್ನು ಕರೆಸಿ ಎದುರು ನಿಲ್ಲಿಸುತ್ತಾರೆ. ಸುಹಾಸ್ ಓದುವಾಗ ಅವರ ಕ್ಲಾಸಿನಲ್ಲೂ ಇದು ನಡೆದಿತ್ತು. ಅಲ್ಲಿ ಓಡಿದವನು ಹುಲ್ಲುಹಾಸು ದಾಟಿ ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿಯುತ್ತಾ ಕೂತಿದ್ದನಂತೆ. ಆ ಕ್ಯಾಂಪಸ್ಸಿಗೆ ಸುತ್ತ ಗೋಡೆಯಿತ್ತು, ಗೇಟಿನಲ್ಲಿ ಕಾವಲಿನವರಿದ್ದರು. ಒಳಗೆ ಇದ್ದವರೆಲ್ಲ ಕಾನೂನಿನವರೇ.

ಅದೇ ಪಾಠವನ್ನು ಸುಹಾಸ್ ನಮ್ಮಲ್ಲಿ ಇಟ್ಟುಕೊಂಡರು. ಮೊದಲೇ ಗೊತ್ತಾದರೆ ಪಾಠ ಕೆಡುತ್ತದೆ ಎಂದು, ನುಗ್ಗುವವನಾಗಿ ಆರಿಸಿಕೊಂಡ ಸಾದಿಕ್‌ನನ್ನು ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಅಂತಿಮ ವರ್ಷದವರೆಲ್ಲ ಕೋರ್ಟಿನ ತರಬೇತಿಯಲ್ಲಿದ್ದುದರಿಂದ, ಹೊಸದಾಗಿ ಸೇರಿದ ಒಂದನೇ ವರ್ಷದವರಿಗೆ ಸಾದಿಕ್‌ನ ಮುಖ ಗೊತ್ತಿರಲಿಲ್ಲ. ಅವನು ಮಾಸ್ಕ್ ಹಾಕಿ, ಟೋಪಿ ಇಳಿಸಿಕೊಂಡು ಬಂದ. ಕೈಯಲ್ಲಿ ನಾಟಕದ ಚಾಕು. ರಟ್ಟಿಗೆ ಬೆಳ್ಳಿ ಕಾಗದ ಸುತ್ತಿದ್ದು. ಸುಹಾಸರ ಲ್ಯಾಪ್‌ಟಾಪ್ ಬ್ಯಾಗು ಕಿತ್ತುಕೊಂಡು, ಹಿಂದಿನ ಬಾಗಿಲಿನಿಂದ ಲೈಬ್ರರಿಗೆ ಓಡಬೇಕು ಎಂಬುದು ಅವರಿಬ್ಬರ ಲೆಕ್ಕ. ಆ ವಾರ ಕೋತಿ ಕಾಟ ಹೆಚ್ಚಾಗಿ ಜವಾನ ಹಿಂದಿನ ಬಾಗಿಲಿಗೆ ಬೀಗ ಹಾಕಿದ್ದ. ಸಾದಿಕ್ ಬಾಗಿಲು ತಳ್ಳಿದ, ತೆರೆಯಲಿಲ್ಲ. ಅಷ್ಟರಲ್ಲಿ ನವುಲೆಯ ಗಿರೀಶ್ ಎಂಬ ಕಬಡ್ಡಿ ಆಡುವ ಹುಡುಗ ಬೆಂಚು ಹಾರಿ ಬಂದ. ಸಾದಿಕ್ ಹೆದರಿ ಮುಂದಿನ ಮೆಟ್ಟಿಲಿನಿಂದ ರಸ್ತೆಗೆ ಓಡಿದ.

ನಾನು ಮಹಡಿಯಿಂದ ಇಳಿದು ರಸ್ತೆಗೆ ಬರುವಾಗ ಆಟೋಗಳ ನಡುವೆ ಜನ ಗುಂಪುಗಟ್ಟಿದ್ದರು. ಯಾರೋ ಕಳ್ಳ ಸಿಕ್ಕಿದ್ದಾನೆ ಎಂದುಕೊಂಡೆ. ಒಳಗಿನಿಂದ ಒಂದು ಗಂಟಲು, "ಸ್ಟೂಡೆಂಟ್ ನಾನು, ಸ್ಟೂಡೆಂಟು" ಎನ್ನುತ್ತಿತ್ತು. ಅಣಕು ನ್ಯಾಯಾಲಯದಲ್ಲಿ ಎಷ್ಟೋ ಸಲ ಕೇಳಿದ್ದ ಗಂಟಲು ಅದು. ಜನರನ್ನು ತಳ್ಳಿಕೊಂಡು ಒಳಗೆ ನುಗ್ಗಿದೆ.

"ಬಿಡಿ, ಅವನು ನಮ್ಮ ಹುಡುಗ. ನಮ್ಮ ಕಾಲೇಜಿನವನು."

"ಮೇಡಂ, ನೀವು ಸರೀರಿ. ನಿಮ್ ಸಾರಿಗೇ ಚಾಕು ಹಾಕಕ್ಕೆ ಬಂದಿದ್ದಾನೆ ಇವ್ನು."

ಯಾರೋ ಮಾಸ್ಕ್ ಎಳೆದರು. ಇನ್ಯಾರೋ, "ಹೆಸರೇನೋ ನಿಂದು?" ಎಂದು ಕೇಳಿದರು. ಅವನು ಹೇಳಿದ. ಅಲ್ಲಿಯವರೆಗೆ ಬೀಳುತ್ತಿದ್ದದ್ದು ಕಳ್ಳನಿಗೆ ಬೀಳುವ ಏಟು. ಹೆಸರು ಹೇಳಿದ ಮೇಲೆ ಬಿದ್ದದ್ದು ಬೇರೆ. ಆ ತಿಂಗಳು ಊರಿನ ಸ್ಥಿತಿ ಚೆನ್ನಾಗಿರಲಿಲ್ಲ. ಶಿವಮೊಗ್ಗದವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಅವನು ನೆಲಕ್ಕೆ ಬಿದ್ದ. ನಾನು ಅವನ ಪಕ್ಕ ಕುಸಿದು ಕೂತೆ. ಆಗ ತಲೆಯ ಮೇಲೆ ಒಂದು ಸೈಜುಕಲ್ಲು ಎದ್ದದ್ದು ಕಂಡಿತು. ಚರಂಡಿ ಕೆಲಸಕ್ಕೆಂದು ತಂದು ರಾಶಿ ಹಾಕಿದ್ದರಲ್ಲಿ ಒಂದು. ಎರಡು ಕೈಯಲ್ಲಿ ಎತ್ತಿದ್ದ ಆ ಕಲ್ಲಿನ ಒಂದು ಮೂಲೆ ಒಡೆದಿತ್ತು, ಅಲ್ಲಿ ಬಿಳಿ ಗೀರು ಇತ್ತು. ನಾನು ಎದ್ದು ಆ ಮಣಿಕಟ್ಟು ಹಿಡಿದು ಜೋತುಬಿದ್ದೆ. ಕಲ್ಲು ನನ್ನ ಭುಜಕ್ಕೆ ಉಜ್ಜಿಕೊಂಡು ಪಕ್ಕಕ್ಕೆ ಬಿತ್ತು. ಸುಹಾಸ್ ಆಗ ಬಂದು, "ಇದು ಪಾಠ, ಇದು ನಾಟಕ" ಎಂದು ಕೂಗುತ್ತಿದ್ದರು. ಒಬ್ಬ, "ಸಾರಿಗೆ ಶಾಕ್ ಆಗಿದೆ, ನೀರು ಕೊಡ್ರೋ" ಎಂದ.

ಜಿಲ್ಲಾ ಆಸ್ಪತ್ರೆಯಲ್ಲಿ ಸಾದಿಕ್‌ನ ದವಡೆಗೆ ತಂತಿ ಕಟ್ಟಿದರು. ಎಡಗಿವಿಯ ಪರದೆ ಹರಿದಿತ್ತು. ನಾವೆಲ್ಲ ಅಲ್ಲಿದ್ದೆವು. ಹೊಡೆದವರು ಸ್ಟೇಷನ್ನಿನಲ್ಲಿದ್ದರು. ಇದು ನಮ್ಮ ಕಡೆಯ ಹಳೆಯ ಪದ್ಧತಿ. ಮೊದಲು ಠಾಣೆಯ ಮೆಟ್ಟಿಲು ಹತ್ತಿದವನು ದೂರುದಾರ, ಹಿಂದೆ ಬಂದವನು ಆರೋಪಿ. ಇದನ್ನು ನಾನು ಪ್ರತಿ ವರ್ಷ ಕ್ಲಾಸಿನಲ್ಲಿ ತಮಾಷೆಯಾಗಿ ಹೇಳುತ್ತಿದ್ದೆ. ಆಟೋ ಸ್ಟ್ಯಾಂಡಿನ ಒಬ್ಬನ ಅಂಗೈ ಕೊಯ್ದಿತ್ತು. ದರೋಡೆ ಮಾಡಿ ಓಡುತ್ತಿದ್ದವನನ್ನು ಹಿಡಿಯಲು ಹೋದಾಗ ಚಾಕುವಿನಿಂದ ಹೊಡೆದ ಎಂದು ಅವನು ದೂರು ಕೊಟ್ಟ. ರಟ್ಟಿನ ಚಾಕು ಆ ಗಲಾಟೆಯಲ್ಲಿ ಎಲ್ಲಿ ಹೋಯಿತೋ ಸಿಗಲಿಲ್ಲ. ಒಂದನೇ ವರ್ಷದ ಹುಡುಗರು ಪೊಲೀಸರು ಕೇಳಿದಾಗ ಕಂಡದ್ದನ್ನೇ ಹೇಳಿದರು. ಒಬ್ಬ ರಕ್ತ ಕಂಡೆ ಎಂದ. ಒಬ್ಬಳು ಚಾಕು ಹೊಳೆಯಿತು ಎಂದಳು. ಯಾರೂ ಸುಳ್ಳು ಹೇಳಲಿಲ್ಲ. ಸುಹಾಸ್ ಕಲಿಸಬೇಕೆಂದಿದ್ದ ಪಾಠ ಅಕ್ಷರಶಃ ನಡೆದುಹೋಗಿತ್ತು.

ಇನ್ನು ಉಳಿದದ್ದು ಒಂದೇ. "ಅವನನ್ನು ಕಳಿಸಿದ್ದು ನಾನು" ಎಂದು ಸುಹಾಸ್ ಪೊಲೀಸರ ಮುಂದೆ ಹೇಳಬೇಕಿತ್ತು. ಹೇಳಿದರೆ ಕೇಸು ಬಿದ್ದುಹೋಗುತ್ತದೆ. ಹೇಳದಿದ್ದರೆ ಸಾದಿಕ್‌ನ ಮೇಲೆ ದರೋಡೆಯ ಕೇಸು. ಕೇಸು ತಲೆಯ ಮೇಲಿರುವಾಗ ವಕೀಲಿಕೆಯ ಸನ್ನದು ಸಿಗುವುದು ಕಷ್ಟ. ಎಲ್‌ಎಲ್‌ಎಂ ಮಾತು ದೂರ.

ಮರುದಿನ ಸ್ಟಾಫ್ ರೂಮಿನಲ್ಲಿ ಸುಹಾಸ್ ಫೋನನ್ನು ಸ್ಪೀಕರಿಗೆ ಹಾಕಿ ಕೂತಿದ್ದರು. ಅವರ ಜತೆ ಓದಿದ ಗೆಳೆಯರು. ಒಬ್ಬಳು ಮುಂಬೈನ ದೊಡ್ಡ ಫರ್ಮಿನವಳು, ಒಬ್ಬ ಸುಪ್ರೀಂ ಕೋರ್ಟಿನವನು, ಒಬ್ಬ ವಿದೇಶದಲ್ಲಿ ಕಲಿಸುವವನು. ನನಗೆ ಕೇಳಿಸುತ್ತಿದೆ ಎಂಬುದು ಸುಹಾಸರಿಗೆ ಗೊತ್ತಿತ್ತು; ಕೇಳಿಸಲಿ ಎಂದೇ ಅಂದುಕೊಂಡಿದ್ದರೇನೋ. ಎಷ್ಟು ಚುರುಕಾದ ಮಕ್ಕಳು. ಹತ್ತು ನಿಮಿಷದಲ್ಲಿ ಎಲ್ಲ ಕಲಮುಗಳನ್ನೂ ಬಿಡಿಸಿಟ್ಟರು. ಹೇಳಿಕೆ ಕೊಟ್ಟರೆ ಸುಹಾಸರ ಮೇಲೇ ಕುಮ್ಮಕ್ಕಿನ ಕೇಸು ಬರಬಹುದು. ಪಾಸ್‌ಪೋರ್ಟ್ ಸಿಕ್ಕಿಹಾಕಿಕೊಳ್ಳಬಹುದು. ಮುಂದಿನ ತಿಂಗಳು ಸೇರಬೇಕಾದ ವಿದೇಶದ ಕೆಲಸ ಹೋಗಬಹುದು. "ಬಾಯಿ ಬಿಡಬೇಡ. ವಕೀಲರ ಮೂಲಕ ಉತ್ತರ ಕೊಡ್ತೀನಿ ಅನ್ನು. ಅಷ್ಟೇ ಅನ್ನು" ಎಂದು ಎಲ್ಲರೂ ಒಂದೇ ಮಾತು ಹೇಳಿದರು. ಗೆಳೆಯನ ಮೇಲಿನ ಪ್ರೀತಿಯಿಂದಲೇ ಹೇಳಿದರು. ಅಷ್ಟು ಹೊತ್ತಿನ ಮಾತಿನಲ್ಲಿ ಏಟು ತಿಂದ ಹುಡುಗನ ಹೆಸರನ್ನು ಯಾರೂ ಕೇಳಲಿಲ್ಲ.

ಫೋನು ಇಟ್ಟ ಮೇಲೆ ನಾನು ಕೇಳಿದೆ. "ಏನು ಮಾಡ್ತೀರಿ?"

"ಕಾನೂನಿನ ಪ್ರಕಾರ ಅವರು ಹೇಳಿದ್ದು ಸರಿ ಮೇಡಂ."

"ಸರಿಯೇ. ನಾನೂ ಅದನ್ನೇ ಕಲಿಸ್ತೀನಿ. ನಾನು ಕೇಳಿದ್ದು ಏನು ಮಾಡ್ತೀರಿ ಅಂತ."

"ಸ್ವಲ್ಪ ಟೈಮ್ ಕೊಡಿ."

ಆಡಳಿತ ಮಂಡಳಿಯ ಕಾರ್ಯದರ್ಶಿಗಳು ನನ್ನನ್ನು ಪ್ರತ್ಯೇಕವಾಗಿ ಕರೆಸಿದರು. ಕಾಲೇಜಿಗೆ ಗೊತ್ತಿಲ್ಲದೆ ನಡೆದದ್ದು ಎಂದು ಪೊಲೀಸರಿಗೆ ಪತ್ರ ಹೋಗಿಯಾಗಿತ್ತು. "ಮೇಡಂ, ರಿಟೈರ್‌ಮೆಂಟ್ ಹತ್ರ ಇದೆ. ನೆಮ್ಮದಿಯಾಗಿ ಹೋಗಿ ಮಾರಾಯ್ತಿ" ಎಂದರು. ಅವರು ನನ್ನನ್ನು ಮಾರಾಯ್ತಿ ಎಂದದ್ದು ಅದೇ ಮೊದಲು. ಸುಹಾಸ್ ವಾರದೊಳಗೆ ಬೆಂಗಳೂರಿಗೆ ವಕೀಲರನ್ನು ಕಾಣಲು ಹೋದವರು ಹಾಗೆಯೇ ವಿದೇಶಕ್ಕೆ ಹೋದರು. ಅವರ ಕೊಡೆ ಬಹಳ ದಿನ ಸ್ಟಾಫ್ ರೂಮಿನ ಮೊಳೆಯಲ್ಲೇ ಇತ್ತು.

ನಾನು ಆಮೇಲೂ ಪಾಠ ಮಾಡಿದೆ. ಆದರೆ ಹೊರಗೆ ಆಟೋದವರ ಗಂಟಲು ಸ್ವಲ್ಪ ಏರಿದರೂ ಮಾತು ನಿಲ್ಲುತ್ತಿತ್ತು. ಮಲಗಿದರೆ ಕಲ್ಲು ಏಳುತ್ತಿತ್ತು. ಒಡೆದ ಮೂಲೆ, ಬಿಳಿ ಗೀರು ಎಲ್ಲ ಸ್ಪಷ್ಟ. ಕಲ್ಲಿನ ಹಿಂದೆ ಇರಬೇಕಾದ ಮುಖ ಮಾತ್ರ ಇಲ್ಲ. ಆಯುಧ ಕಂಡವನಿಗೆ ಆಯುಧವೇ ಕಾಣುತ್ತದೆ, ಹಿಡಿದವನು ಕಾಣುವುದಿಲ್ಲ ಎಂಬುದನ್ನು ಸಾಕ್ಷ್ಯ ಕಾನೂನಿನ ಮೇಷ್ಟ್ರುಗಳೆಲ್ಲ ಹೇಳಿಕೊಡುತ್ತಾರೆ. ಅದು ಹೇಗಿರುತ್ತದೆ ಎಂದು ಆಮೇಲೆ ಗೊತ್ತಾಯಿತು. ಬೆಳಕು ಹರಿಯುವ ತನಕ ಕೂತು ಆ ಮುಖವನ್ನು ಹುಡುಕುತ್ತಿದ್ದೆ.

ನಿವೃತ್ತಿಯಾಯಿತು. ಸಾಕ್ಷ್ಯ ಕಾನೂನಿನ ಹೆಸರೂ ಬದಲಾಯಿತು, ಬಾಯಿಪಾಠವಿದ್ದ ಕಲಮುಗಳ ನಂಬರುಗಳೂ ಬದಲಾದವು. ಸಾದಿಕ್‌ನ ಕೇಸು ಮಾತ್ರ ಹಾಗೇ ನಡೆಯಿತು. ಅವನ ಜತೆಯವರೆಲ್ಲ ಕರಿಕೋಟು ಹಾಕಿದರು. ಇವನು ಅದೇ ಕೋರ್ಟಿನಲ್ಲಿ ಆರೋಪಿಯ ಕಟಕಟೆಯಲ್ಲಿ ನಿಲ್ಲುತ್ತಿದ್ದ, ಆಮೇಲೆ ಶೆಡ್ಡಿಗೆ ಹೋಗುತ್ತಿದ್ದ.

ಅವನ ಪರವಾಗಿ ನಾನು ಸಾಕ್ಷಿ ಹೇಳಿದೆ. ಪಾಟೀಸವಾಲಿಗೆ ಎದ್ದ ಸರ್ಕಾರಿ ವಕೀಲರು ಮಂಜುನಾಥ್. ನನ್ನ ಹತ್ತಿರವೇ ಓದಿದವರು, ಬುದ್ಧಿವಂತ.

"ಮೇಡಂ, ಇದು ನಾಟಕ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

"ಇಲ್ಲ."

"ಆಮೇಲೆ ಹೇಗೆ ಗೊತ್ತಾಯ್ತು?"

"ಪ್ರೊಫೆಸರ್ ಸುಹಾಸ್ ಹೇಳಿದರು."

"ಅಂದ್ರೆ ಕೇಳಿದ ಮಾತು. ಕೇಳಿದ ಮಾತು ಸಾಕ್ಷ್ಯ ಅಲ್ಲ ಅಂತ ನಮಗೆ ಕಲಿಸಿದ್ದು ಯಾರು ಮೇಡಂ?"

"ನಾನೇ."

ಯಾರೋ ಕಿಸಕ್ಕೆಂದರು. ನ್ಯಾಯಾಧೀಶರು ತಲೆ ಎತ್ತಿ ನೋಡಿದರು. ಮಂಜುನಾಥ್ ನಗಲಿಲ್ಲ, ಕೂರುವಾಗ ನನ್ನ ಕಡೆ ನೋಡದೆ ಕೂತರು. ಅವರು ಮಾಡಿದ್ದು ಸರಿ. ಅದೇ ಕೆಲಸವನ್ನು ಬೇರೆ ಯಾರ ಕೇಸಿನಲ್ಲಾದರೂ ಮಾಡಿದ್ದರೆ ಮನೆಗೆ ಕರೆದು ಊಟ ಹಾಕುತ್ತಿದ್ದೆ.

ಸಾದಿಕ್‌ಗೆ ಹೊಡೆದವರ ಮೇಲೂ ಒಂದು ಕೇಸಿತ್ತು. ಅದರಲ್ಲಿ ನಾಲ್ವರು ಆರೋಪಿಗಳು. ಅವತ್ತು ರಸ್ತೆಯಲ್ಲಿದ್ದ ಅಷ್ಟೂ ಜನರಲ್ಲಿ ಏಟು ಬೀಳುವುದನ್ನು ಕಂಡವರಿದ್ದರು, ಹೊಡೆದವರನ್ನು ಕಂಡವರು ಯಾರೂ ಇರಲಿಲ್ಲ. ನಾನು ಕಟಕಟೆ ಹತ್ತುವ ಮೊದಲು ರಹೀಂ ಅವರು ವರಾಂಡದಲ್ಲಿ ಹತ್ತಿರ ಬಂದರು.

"ಮೇಡಂ, ಎಡಗಡೆಯಿಂದ ಎರಡನೇಯವ್ನು. ಅವ್ನೇ ಕಲ್ಲು ಎತ್ತಿದ್ದು ಅಂತ ಸ್ಟ್ಯಾಂಡಲ್ಲಿ ಎಲ್ಲಾರೂ ಮಾತಾಡ್ತಾರೆ. ನೀವು ಬೆರಳು ತೋರಿಸಿದ್ರೆ ಸಾಕು."

"ನಾನು ಮುಖ ನೋಡಿಲ್ಲ ರಹೀಂ ಭಾಯ್."

"ಊರಿಗೆಲ್ಲ ಗೊತ್ತಿರೋದು ನಿಮಗೆ ಗೊತ್ತಿಲ್ವಾ?"

ಒಳಗೆ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿದೆ. ಎರಡನೆಯವನು ನೆಲ ನೋಡುತ್ತಿದ್ದ. ಕಲ್ಲನ್ನು ನೆನೆದು, ಅದರ ಕೆಳಗೆ ಅವನ ಮುಖ ಇಟ್ಟು ನೋಡಿದೆ. ಕೂತಿತು. ಮೂರನೆಯವನ ಮುಖ ಇಟ್ಟೆ. ಅದೂ ಕೂತಿತು. ಗುರುತಿಸಲಾರೆ ಎಂದು ಹೇಳಿ ಇಳಿದೆ. ಹೊರಗೆ ಮೆಟ್ಟಿಲ ಹತ್ತಿರ ಆ ಎರಡನೆಯವನು ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಮೆಲ್ಲಗೆ, "ಥ್ಯಾಂಕ್ಸ್ ಮೇಡಂ" ಎಂದ. ನನ್ನ ವೃತ್ತಿ ಜೀವನದಲ್ಲಿ ಅಷ್ಟು ಹೆದರಿಸಿದ ಮಾತು ಇನ್ನೊಂದಿಲ್ಲ. ನಾಲ್ವರೂ ಬಿಡುಗಡೆಯಾದರು. ಸಾದಿಕ್ ಆಮೇಲೆ ಕೆಲವು ತಿಂಗಳು ನನ್ನ ಫೋನು ಎತ್ತಲಿಲ್ಲ.

ಎತ್ತಿದ್ದು ಅವನಿಗೇ ಬೇಕಾದಾಗ. "ಮೇಡಂ, ನಾಳೆ ಸುಹಾಸ್ ಸಾರ್ ಆನ್‌ಲೈನ್ ಮಾತಾಡ್ತಾರಂತೆ. ದೊಡ್ಡ ಲಾ ಸ್ಕೂಲಿನ ಕಾರ್ಯಕ್ರಮ. ಯಾರು ಬೇಕಾದ್ರೂ ಕೇಳಬಹುದು. ನೀವು ಶೆಡ್ಡಿಗೆ ಬರ್ತೀರಾ? ನನಗೆ ಒಬ್ಬನಿಗೇ ಕೇಳಕ್ಕಾಗಲ್ಲ."

ಮಾಚೇನಹಳ್ಳಿಗೆ ಹೋದೆ. ರಹೀಂ ಅವರು ಕಂಪ್ರೆಸರ್ ಆಫ್ ಮಾಡಿ, ಒಂದು ಲಾರಿ ಸೀಟನ್ನು ಒರೆಸಿ ನನಗೆ ಹಾಕಿಕೊಟ್ಟರು. ನನ್ನ ಮುಖ ನೋಡಲಿಲ್ಲ, ಆದರೆ ಹಾಕಿಕೊಟ್ಟರು. ಸಾದಿಕ್ ಫೋನನ್ನು ಟೂಲ್ ಬಾಕ್ಸಿಗೆ ಒರಗಿಸಿದ. ಪರದೆಯಲ್ಲಿ ಸುಹಾಸ್ ಬಂದರು.

"ಇವರೇನಾ?" ರಹೀಂ ಕೇಳಿದರು. "ದಪ್ಪ ಆಗಿದ್ದಾರೆ."

"ಅಬ್ಬಾ, ಸುಮ್ನಿರಿ," ಎಂದು ಸಾದಿಕ್ ತಂದೆಗೆ ಹೇಳಿದ.

"ನೀನು ದವಡೆಗೆ ತಂತಿ ಕಟ್ಟಿಸ್ಕೊಂಡು ಹಾಲಲ್ಲಿ ಬ್ರೆಡ್ಡು ಕದಡಿ ಕುಡ್ದು ಸೊರಗ್ದೆ, ಅವರು ದಪ್ಪ ಆದ್ರು. ಹೇಳಬಾರ್ದಾ?"

ಕಾನೂನನ್ನು ಹೇಗೆ ಕಲಿಸಬೇಕು ಎಂಬುದು ಸುಹಾಸರ ವಿಷಯ. ಇಂಗ್ಲಿಷಿನಲ್ಲಿ ಸೊಗಸಾಗಿ ಮಾತಾಡಿದರು. ಅರ್ಧಕ್ಕೆ ಬರುವಾಗ, ತಾನೊಂದು ಸಣ್ಣ ಊರಿನಲ್ಲಿ ಇಂಥ ಪಾಠ ಮಾಡಹೋಗಿ ಅದು ಕೈಮೀರಿತೆಂದೂ, ಸ್ವಯಂಪ್ರೇರಿತನಾಗಿ ಬಂದ ವಿದ್ಯಾರ್ಥಿಯೊಬ್ಬನಿಗೆ ಪೆಟ್ಟಾಯಿತೆಂದೂ, ಅದರಿಂದ ತಾನು ವಿನಯ ಕಲಿತೆನೆಂದೂ ಹೇಳಿದರು. ಪ್ರಶ್ನೆ ಕೇಳುವ ಹೊತ್ತು ಬಂತು. ಸಾದಿಕ್ ಕೈ ಎತ್ತುವ ಗುರುತು ಒತ್ತಿದ. ಅವನ ಸರದಿ ಬಂದಾಗ ಇಂಗ್ಲಿಷಿನಲ್ಲೇ ಶುರು ಮಾಡಿದ. ಆ ವಿದ್ಯಾರ್ಥಿ ಈಗ ಏನು ಮಾಡುತ್ತಿದ್ದಾನೆ, ಸರ್?

ಕೇಳಿದವನು ಯಾರೆಂದು ಸುಹಾಸರಿಗೆ ತಕ್ಷಣ ತಿಳಿಯಲಿಲ್ಲ. ದವಡೆ ಕೂಡಿಕೊಂಡ ಮೇಲೆ ಅವನ ಮಾತು ಬದಲಾಗಿತ್ತು. ತನಗೆ ಸಂಪರ್ಕ ಉಳಿದಿಲ್ಲ ಎಂದರು. ಆಗ ಸಾದಿಕ್ ಕ್ಯಾಮೆರಾ ಹಾಕಿ ಕನ್ನಡದಲ್ಲಿ ಹೇಳಿದ. "ಸಾರ್, ನಾನು ಸಾದಿಕ್. ಕೇಸು ಇನ್ನೂ ನಡೀತಿದೆ. ಹದಿನಾಲ್ಕಕ್ಕೆ ಡೇಟ್ ಇದೆ. ನಿಮ್ಮ ಸಾಕ್ಷಿಗೆ ಕೊನೇ ಅವಕಾಶ ಅಂತ ಹೇಳಿದ್ದಾರೆ."

ಕಾರ್ಯಕ್ರಮ ನಡೆಸುತ್ತಿದ್ದವಳು, ವೈಯಕ್ತಿಕ ವಿಷಯಗಳನ್ನು ಆಮೇಲೆ ಮಾತಾಡೋಣ ಎಂದು ಅವನ ಮೈಕು ಬಂದ್ ಮಾಡಿದಳು. ಮುಂದಿನ ಪ್ರಶ್ನೆಯನ್ನು ಸುಹಾಸ್ ಕೇಳಿಸಿಕೊಳ್ಳಲಿಲ್ಲ. ರಹೀಂ ಎದ್ದು ಹೋಗಿ ಕಂಪ್ರೆಸರ್ ಹಾಕಿದರು.

ಹದಿನಾಲ್ಕರಂದು ಸುಹಾಸ್ ಕೋರ್ಟಿಗೆ ಬಂದರು. ನಮ್ಮ ಯಾರಿಗೂ ಹೇಳಿರಲಿಲ್ಲ. ಬಿಸಿಲಿನಲ್ಲಿ ಒಬ್ಬರೇ ಒಂದು ಬ್ಯಾಗು ಹಿಡಿದು ಹೊಂಗೆ ಮರದ ಕೆಳಗೆ ನಿಂತಿದ್ದರು. ಕಟಕಟೆ ಹತ್ತಿ, ಸಾದಿಕ್‌ನನ್ನು ಕಳಿಸಿದ್ದು ತಾನು, ಚಾಕು ರಟ್ಟಿನದು, ಅದನ್ನು ಅವನ ಕೈಗೆ ಕೊಟ್ಟದ್ದೂ ತಾನೇ ಎಂದು ಹೇಳಿದರು. ಅವರ ಗೆಳೆಯರು ಹೇಳಬೇಡ ಎಂದ ಒಂದೊಂದು ಮಾತನ್ನೂ ಹೇಳಿದರು. ಮಂಜುನಾಥ್ ಎದ್ದರು.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಹೆದರಿಕೆ ಆಗಿತ್ತು."

"ಯಾರಿಗೆ ಹೆದರಿದ್ರಿ? ಜನರಿಗಾ, ಪೊಲೀಸರಿಗಾ?"

"ಇಲ್ಲ. ಕೆಲಸ ಹೋಗತ್ತೆ ಅಂತ."

ನ್ಯಾಯಾಧೀಶರು ಬೆರಳಚ್ಚುಗಾರರ ಕಡೆ ತಿರುಗಿ, ಸಾಕ್ಷಿಯು ತಮ್ಮ ಉದ್ಯೋಗ ಹೋಗುವುದೆಂಬ ಭಯದಿಂದ ಹೇಳಿರಲಿಲ್ಲವೆಂದು ನುಡಿಯುತ್ತಾರೆ ಎಂದು ಬರೆಸಿದರು. ಮಂಜುನಾಥ್ ಬೇರೆ ಪ್ರಶ್ನೆಯಿಲ್ಲ ಎಂದು ಕೂತರು.

ಹೊರಗೆ ಸುಹಾಸ್ ರಹೀಂ ಅವರ ಮುಂದೆ ನಿಂತು ಕೈ ಮುಂದೆ ಮಾಡಿದರು. ರಹೀಂ ಆ ಕೈಯನ್ನು ನೋಡಿದರು, ಹಿಡಿಯಲಿಲ್ಲ. ಕ್ಯಾಂಟೀನಿನ ಬೆಂಚು ತೋರಿಸಿ ಹೇಳಿದರು. "ಕೂರಿ. ಚಾ ಕುಡೀರಿ. ಮಾತು ಮಾತ್ರ ಬೇಡ." ಸಾದಿಕ್ ಸೇರಿ ನಾವು ನಾಲ್ವರೂ ಕೂತು ಚಾ ಕುಡಿದೆವು. ಸುಹಾಸರ ಕೆಲಸ ಉಳಿಯಿತೋ ಹೋಯಿತೋ ನಾನು ವಿಚಾರಿಸಿಲ್ಲ. ಅಂಥ ಲಾ ಸ್ಕೂಲಿನಿಂದ ಬಂದ ಇನ್ನೊಬ್ಬರು ಮುಂದೆ ಎಂದಾದರೂ ನಮ್ಮಂಥ ಕಾಲೇಜಿಗೆ ಪಾಠ ಮಾಡಲು ಬಂದರೆ, ಕೊಠಡಿಗೆ ಹೋಗುವ ಮುನ್ನ ಅವರನ್ನು ಒಂದು ವಾರ ಮುಂದಿನ ರಸ್ತೆಯಲ್ಲಿ ನಿಲ್ಲಿಸಿ. ನನಗೆ ತೋಚುವ ಬುದ್ಧಿಮಾತು ಇಷ್ಟೇ.

ಸಾದಿಕ್ ಬಿಡುಗಡೆಯಾದ. ಸನ್ನದಿಗೆ ಅರ್ಜಿ ಹಾಕಿದ. ಪೊಲೀಸ್ ಪರಿಶೀಲನೆ, ಹಳೆಯ ಕೇಸಿನ ತೀರ್ಪಿನ ನಕಲು ಎಂದು ಅದೂ ಬಹಳ ಎಳೆದಾಡಿ ಕೊನೆಗೆ ಸಿಕ್ಕಿತು. ಎಲ್‌ಎಲ್‌ಎಂ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಒಂದು ದಿನ ಅವನಿಂದ ಮೆಸೇಜು ಬಂತು. "ಶುಕ್ರವಾರ ಭದ್ರಾವತಿ ಕೋರ್ಟಿನಲ್ಲಿ ನಿಂತ್ಕೋತೀನಿ ಮೇಡಂ. ಬರಕ್ಕಾದ್ರೆ ಬನ್ನಿ."

ಬಸ್ಸಿನಲ್ಲಿ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಗಂಡನಿಂದ ಜೀವನಾಂಶ ಕೇಳುವ ಒಂದು ಮೈಂಟೆನೆನ್ಸ್ ಕೇಸು. ಇಟ್ಟಿಗೆ ಗೂಡಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಅವನ ಪಕ್ಕದಲ್ಲಿ ಸೆರಗು ಹಿಡಿದು ನಿಂತಿದ್ದಳು. ನ್ಯಾಯಾಧೀಶರು, "ಅರ್ಜಿದಾರರ ಪರ ಯಾರು?" ಎಂದರು. ಸಾದಿಕ್ ಎದ್ದು ತನ್ನ ಹೆಸರು ಹೇಳಿದ. ಕೇಳಿಸಲಿಲ್ಲ, ಜೋರಾಗಿ ಹೇಳಿ ಎಂದರು. ಅವನು ಇನ್ನೊಮ್ಮೆ, ಇಡೀ ಕೋರ್ಟಿಗೆ ಕೇಳುವಂತೆ ಹೇಳಿದ. ಯಾರೂ ತಿರುಗಿ ನೋಡಲಿಲ್ಲ. ಗುಮಾಸ್ತರು ಬರೆದುಕೊಂಡರು, ಮುಂದಿನ ಡೇಟ್ ಕೊಟ್ಟರು, ಮುಂದಿನ ಕೇಸು ಕೂಗಿದರು.

ಹೊರಗೆ ಬಂದು ಅವನು ಹೇಳಿದ. "ಅಷ್ಟೇ ಮೇಡಂ. ಬರೀ ಒಂದು ಡೇಟ್ ತಗೊಂಡೆ."

"ಎಲ್ಲಾರೂ ಮೊದಲು ಅದನ್ನೇ ತಗೊಳೋದು ಕಣೋ."

ಮನೆಗೆ ಬಂದು ಉಂಡು ಮಲಗಿದೆ. ಮರುದಿನ ಪಕ್ಕದ ಮನೆಯ ಸುಮಿತ್ರಾ ಬಾಗಿಲು ಬಡಿಯುತ್ತಿದ್ದಳು. ಬಿಸಿಲು ಅಡಿಗೆಮನೆಯ ತನಕ ಬಂದಿತ್ತು. "ಅಕ್ಕಾ, ಹಾಲಿನ ಪ್ಯಾಕೆಟ್ ಹೊರಗೇ ಇದೆ, ಎಷ್ಟು ಹೊತ್ತಿಂದ ಬಡೀತಿದ್ದೀನಿ. ಹುಷಾರಿಲ್ವಾ?"

"ಹುಷಾರಾಗಿದ್ದೀನಿ," ಎಂದೆ. "ನಿದ್ದೆ ಬಂದಿತ್ತು."